ಜ್ವರದ ನಕ್ಷೆಯಲ್ಲಿ ಚಳ್ಳಕೆರೆ, ಮೊಳಕಾಲ್ಮುರು: ವರ್ತಕರೂ ಉದ್ದಿಮೆದಾರರೂ ಅರಿಯಬೇಕಾದ ಲೆಕ್ಕ

ಚಳ್ಳಕೆರೆಯ ಮಾರುಕಟ್ಟೆಗೆ ಶೇಂಗಾ ಆವಕ ಆರಂಭವಾಗುವ ದಿನಗಳೂ, ಹಿಂಗಾರಿನ ಬೆನ್ನಿಗೇ ಚಳಿಜ್ವರ ಕಾಣಿಸಿಕೊಳ್ಳುವ ದಿನಗಳೂ ಹೆಚ್ಚುಕಡಿಮೆ ಒಂದೇ ಕಾಲದವು. ನಮ್ಮ ಸೀಮೆಯಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಅದರ ನಂತರ ಹಳ್ಳದ ಮಡುಗಳಲ್ಲಿ, ಗುಂಡಿಗಳಲ್ಲಿ, ತೊಟ್ಟಿಗಳಲ್ಲಿ ತಿಳಿನೀರು ನಿಲ್ಲುತ್ತದೆ. ಬಳ್ಳಿ ಕೀಳುವ ಆಳು, ಚೀಲ ಹೊರುವ ಹಮಾಲ, ಗಾಣದ ಮನೆಯ ಕೆಲಸಗಾರ, ಲಾರಿ ಚಾಲಕ, ಇವರಲ್ಲಿ ಯಾರೊಬ್ಬರು ವಾರಗಟ್ಟಲೆ ಮಲಗಿದರೂ ವ್ಯವಹಾರದ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಆದ್ದರಿಂದ ಮಲೇರಿಯ ರೋಗದ ಅಪಾಯವನ್ನು ಪ್ರದೇಶವಾರು ಗುರುತಿಸಿ ನಕ್ಷೆ ಬರೆಯುವ ವಿಷಯವು ಕೇವಲ ಆರೋಗ್ಯ ಇಲಾಖೆಗೆ ಸಂಬಂಧಿಸಿದ್ದೆಂದು ಭಾವಿಸಿ ಪುಟ ತಿರುವಬಾರದೆಂದು ಸದಸ್ಯ ಬಾಂಧವರಲ್ಲಿ ಮೊದಲೇ ವಿನಂತಿ.

ಇಂತಹ ನಕ್ಷೆಗಳ ಚರಿತ್ರೆಯಲ್ಲಿ ವ್ಯಾಪಾರಿಗಳಿಗೆ ಕುತೂಹಲ ಹುಟ್ಟಿಸುವ ಒಂದು ಅಧ್ಯಾಯವಿದೆ. 1908ರ ಶರತ್ಕಾಲದಲ್ಲಿ ಪಂಜಾಬಿನಲ್ಲಿ ಮಲೇರಿಯ ಭೀಕರವಾಗಿ ಹಬ್ಬಿತು. ಅಮೃತಸರದಲ್ಲಿ ಬಹುಪಾಲು ಜನ ಹಾಸಿಗೆ ಹಿಡಿದು ಪೇಟೆಯ ದೈನಂದಿನ ವ್ಯವಹಾರವೇ ನಿಂತುಹೋಯಿತು. ಲಾಹೋರಿನಲ್ಲಿ ರೈಲ್ವೆ ನೌಕರರು ಜ್ವರದಿಂದ ಮಲಗಿದ್ದರಿಂದ ರೈಲುಗಳ ಸಂಚಾರ ಅಸ್ತವ್ಯಸ್ತವಾಯಿತು. ಈ ಪಿಡುಗಿನ ಬಗ್ಗೆ ತನಿಖೆ ನಡೆಸಿದ ಎಸ್. ಆರ್. ಕ್ರಿಸ್ಟೋಫರ್ಸ್ 1911ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಳೆಯ ಪ್ರಮಾಣದ ಜೊತೆಗೆ ಧಾನ್ಯದ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಬರದಿಂದ ಬೆಲೆ ಏರಿ ಜನ ಬಡಕಲಾಗಿದ್ದ ವರ್ಷಗಳ ನಂತರ ಅತಿವೃಷ್ಟಿಯಾದರೆ ಸಾವುನೋವು ಅತ್ಯಧಿಕವಾಗುತ್ತದೆಂಬುದು ಅವರ ನಿರ್ಣಯವಾಗಿತ್ತು. ಮುಂದೆ ಅದೇ ಪ್ರಾಂತದಲ್ಲಿ ಸಿ. ಎ. ಗಿಲ್ ಅವರು ಮಳೆ, ಮಕ್ಕಳ ಗುಲ್ಮದ ಊತ, ಧಾನ್ಯದ ಧಾರಣೆ ಮುಂತಾದ ಅಂಶಗಳನ್ನು ಕೂಡಿಸಿ ಮುಂಬರುವ ಪಿಡುಗನ್ನು ಮುಂಚಿತವಾಗಿ ಸೂಚಿಸುವ ಪದ್ಧತಿಯನ್ನು ರೂಪಿಸಿದರು. ಅಂದರೆ, ಮಂಡಿಯ ದರಪಟ್ಟಿಯು ಒಂದು ಕಾಲದಲ್ಲಿ ರೋಗದ ಮುನ್ಸೂಚನೆಯ ಸಾಧನವೂ ಆಗಿತ್ತು!

ಗುಲ್ಮದ ಊತವನ್ನು ನಮ್ಮ ಹಿರಿಯರು ಜ್ವರಗಡ್ಡೆ ಎಂದು ಕರೆಯುತ್ತಿದ್ದರು. ಸೂಕ್ಷ್ಮದರ್ಶಕ ಎಲ್ಲೆಡೆ ದೊರೆಯದಿದ್ದ ದಿನಗಳಲ್ಲಿ 2ರಿಂದ 10 ವರ್ಷದ ಮಕ್ಕಳ ಹೊಟ್ಟೆ ಮುಟ್ಟಿ ನೋಡಿ, ನೂರಕ್ಕೆ ಎಷ್ಟು ಮಂದಿಗೆ ಗಡ್ಡೆಯಿದೆಯೆಂದು ಎಣಿಸಿ ಊರಿನ ದರ್ಜೆಯನ್ನು ನಿರ್ಧರಿಸಲಾಗುತ್ತಿತ್ತು. ಶೇಕಡ 10ರ ಒಳಗಿದ್ದರೆ ಅಲ್ಪ, 11ರಿಂದ 50 ಇದ್ದರೆ ಮಧ್ಯಮ, 50 ದಾಟಿದರೆ ಅಧಿಕ. ಕ್ರಿಸ್ಟೋಫರ್ಸ್ ಮತ್ತು ಸಿಂಟನ್ ಅವರು 1926ರಲ್ಲಿ ಪ್ರಕಟಿಸಿದ ಭಾರತದ ಮಲೇರಿಯ ನಕ್ಷೆಗೂ ಇಂತಹ ಎಣಿಕೆಗಳೇ ಮುಖ್ಯ ಆಧಾರವಾಗಿದ್ದವು.

ಮೈಸೂರು ಸಂಸ್ಥಾನದ ಕೊಡುಗೆ

ನಮ್ಮ ಜಿಲ್ಲೆಯ ಹೆಸರು ಈ ಶಾಸ್ತ್ರದಲ್ಲಿ ಬಹಳ ಹಿಂದೆಯೇ ಸೇರಿದೆ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡ ನಂತರ ಹಿರಿಯೂರಿನ ಸುತ್ತಣ ಒಣ ಭೂಮಿಗೆ ನಾಲೆಯ ನೀರು ಹರಿಯಿತು. ನೀರಿನೊಡನೆ ಜ್ವರವೂ ಬಂದಿತು. 1920ರ ದಶಕದ ಕೊನೆಯಿಂದ ಮೈಸೂರು ಸರ್ಕಾರವು ಅಮೆರಿಕದ ರಾಕೆಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಮಲೇರಿಯ ಅಧ್ಯಯನ ಕೈಗೊಂಡಾಗ ಆರಿಸಿಕೊಂಡ ಸ್ಥಳಗಳಲ್ಲಿ ಮಲೆನಾಡಿನ ಮೂಡಿಗೆರೆ, ಶ್ರೀರಂಗಪಟ್ಟಣದ ಬಳಿಯ ನಗೇನಹಳ್ಳಿ ಮತ್ತು ನಮ್ಮ ಹಿರಿಯೂರು ಸೇರಿದ್ದವು. ಬೆಟ್ಟದ ತೊರೆ, ಭತ್ತದ ಗದ್ದೆ, ಬಯಲುಸೀಮೆಯ ಅಣೆಕಟ್ಟು, ಹೀಗೆ ಮೂರು ಬಗೆಯ ನೀರಿಗೆ ಮೂರು ಊರು. ಒಂದೇ ಸಂಸ್ಥಾನದೊಳಗೆ ರೋಗವು ಮೂರು ಮುಖಗಳಲ್ಲಿ ಇರಬಲ್ಲದೆಂಬ ಅರಿವು ಈ ಆಯ್ಕೆಯಲ್ಲಿಯೇ ಇದೆ.

ಈ ಕಾರ್ಯದಲ್ಲಿ ತೊಡಗಿದ್ದ ಡಬ್ಲ್ಯು. ಸಿ. ಸ್ವೀಟ್ ಮತ್ತು ಡಾ. ಬಿ. ಎ. ರಾವ್ ಅವರು 1937ರಲ್ಲಿ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆಯು ಹೊರನೋಟಕ್ಕೆ ಒಂದೇ ಆದರೂ, ಮೊಟ್ಟೆಯ ಮೇಲಿನ ಗೆರೆಗಳನ್ನು ಎಣಿಸಿದರೆ ಎರಡು ಬಗೆಯಾಗಿ ಬೇರ್ಪಡುತ್ತದೆ. ಒಂದು ಪಟ್ಟಣದಲ್ಲಿ ರೋಗ ಹರಡುವಂಥದು, ಇನ್ನೊಂದು ಹಳ್ಳಿಗಾಡಿನಲ್ಲಿದ್ದು ಅಷ್ಟಾಗಿ ಹರಡದಂಥದು. ಈ ಎರಡನೆಯದಕ್ಕೆ ಮೈಸೂರೆನ್ಸಿಸ್ ಎಂಬ ಹೆಸರು ಬಂತು. ಜಗತ್ತಿನ ಕೀಟಶಾಸ್ತ್ರ ಗ್ರಂಥಗಳಲ್ಲಿ ನಮ್ಮ ಸಂಸ್ಥಾನದ ಹೆಸರು ಹೀಗೆ ಉಳಿದುಕೊಂಡಿದೆ. (ಸೊಳ್ಳೆಯ ಮರಿಗಳನ್ನು ತಿನ್ನುವ ಗಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದವರೂ ಈ ಡಾ. ರಾವ್ ಅವರೇ ಎಂದು ದಾಖಲೆಗಳು ಹೇಳುತ್ತವೆ.)

ಗ್ರಾಮಾಂತರ ಬಯಲುಸೀಮೆಯಲ್ಲಿ ರೋಗ ಹರಡುವ ಪ್ರಮುಖ ಸೊಳ್ಳೆಯ ಹೆಸರು ಅನಾಫಿಲಿಸ್ ಕ್ಯುಲಿಸಿಫೇಸೀಸ್. ಬಾವಿ, ಹಳ್ಳದ ಮಡು, ನದೀಪಾತ್ರದ ಗುಂಡಿ, ನಾಲೆಯ ಅಂಚು ಇದರ ತವರು. ಕೊಳಚೆ ನೀರು ಇದಕ್ಕೆ ಒಗ್ಗದು. ಚರಂಡಿ ಶುಚಿಗೊಳಿಸಿದರೆ ಮಲೇರಿಯ ಹೋಗುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ತಪ್ಪು. ಚರಂಡಿಯ ಸೊಳ್ಳೆಯ ಜಾತಿಯೇ ಬೇರೆ. ಮನುಷ್ಯರಿಗಿಂತ ದನಗಳ ರಕ್ತವನ್ನೇ ಹೆಚ್ಚಾಗಿ ಬಯಸುವ ಈ ಕ್ಯುಲಿಸಿಫೇಸೀಸ್‌ನಲ್ಲಿಯೂ ಕಣ್ಣಿಗೆ ವ್ಯತ್ಯಾಸ ಕಾಣದ ಐದು ಒಳಬಗೆಗಳಿರುವುದು ನಂತರ ಗೊತ್ತಾಯಿತು. ಕೋಲಾರ ಜಿಲ್ಲೆಯ ಕಾಮಸಮುದ್ರದ ಹಳ್ಳಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೋಗ ಹರಡಬಲ್ಲ ಬಗೆಯು ಮುಖ್ಯವಾಗಿ ಬಾವಿಗಳಲ್ಲಿ ಬೆಳೆಯುತ್ತಿದ್ದುದನ್ನು ತೋರಿಸಿತು. ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರೆ ಸಾಕಾಯಿತು. ಊರಿನ ಎಲ್ಲಾ ನೀರಿನ ಹಿಂದೆ ಓಡಬೇಕಾಗಲಿಲ್ಲ. ಸರಿಯಾದ ನಕ್ಷೆಯಿಂದ ಉಳಿಯುವ ವೆಚ್ಚವೆಷ್ಟೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಸರಾಸರಿಯ ಮೋಸ

ಸ್ವಾತಂತ್ರ್ಯಾನಂತರ 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಬಂದವು. ಡಿ.ಡಿ.ಟಿ. ಸಿಂಪಡಣೆಯ ಫಲವಾಗಿ 1965ರ ವೇಳೆಗೆ ಇಡೀ ದೇಶದ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಗೆದ್ದೆವೆಂದು ಕೈ ಸಡಿಲಿಸಿದ್ದೇ ತಡ, 1976ರಲ್ಲಿ ಅದೇ ಸಂಖ್ಯೆ 64 ಲಕ್ಷ ದಾಟಿತು. ವ್ಯಾಪಾರದಲ್ಲಿ ನಷ್ಟ ಕಂಡವರು ಈ ಏರಿಳಿತವನ್ನು ಮರೆಯಲಾರರು.

1977ರ ಪರಿಷ್ಕೃತ ಯೋಜನೆಯಿಂದೀಚೆಗೆ ಪ್ರದೇಶವೊಂದರ ಅಪಾಯವನ್ನು ಅಳೆಯುವ ಮುಖ್ಯ ಮಾನದಂಡವೆಂದರೆ ವಾರ್ಷಿಕ ಪರಾವಲಂಬಿ ಸೂಚ್ಯಂಕ, ಅಂದರೆ ಎ.ಪಿ.ಐ. ಸಾವಿರ ಜನಸಂಖ್ಯೆಗೆ ವರ್ಷವೊಂದರಲ್ಲಿ ರಕ್ತಪರೀಕ್ಷೆಯಿಂದ ದೃಢಪಟ್ಟ ಪ್ರಕರಣಗಳೆಷ್ಟು ಎಂಬುದೇ ಇದರ ಅರ್ಥ. ಆ ಯೋಜನೆಯಲ್ಲಿ ಸೂಚ್ಯಂಕ 2 ಅಥವಾ ಹೆಚ್ಚಿದ್ದ ಪ್ರದೇಶಗಳಿಗೆ ಸಿಂಪಡಣೆಯನ್ನು ಮೀಸಲಿಡಲಾಯಿತು. 2016ರ ರಾಷ್ಟ್ರೀಯ ನಿರ್ಮೂಲನ ಚೌಕಟ್ಟಿನಲ್ಲಿ 1 ಎಂಬ ಅಂಕಿಯು ಗಡಿರೇಖೆಯಾಯಿತು.

ಲೆಕ್ಕ ಬಲ್ಲ ನಮ್ಮ ಸದಸ್ಯರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 2011ರ ಜನಗಣತಿಯಂತೆ ಮೊಳಕಾಲ್ಮುರು ತಾಲ್ಲೂಕಿನ ಜನಸಂಖ್ಯೆ ಸುಮಾರು 1.4 ಲಕ್ಷ, ಚಳ್ಳಕೆರೆಯದು ಸುಮಾರು 3.65 ಲಕ್ಷ. ಮೊಳಕಾಲ್ಮುರಿನಲ್ಲಿ ಒಂದು ವರ್ಷ 70 ಪ್ರಕರಣಗಳು ಕಂಡುಬಂದವೆಂದು ಉದಾಹರಣೆಗೆ ಭಾವಿಸೋಣ. ತಾಲ್ಲೂಕಿನ ಸೂಚ್ಯಂಕ 0.5. ನಕ್ಷೆಯ ಮೇಲೆ ತಾಲ್ಲೂಕು ಹಸಿರು ಬಣ್ಣದಲ್ಲಿ ನಿಶ್ಚಿಂತೆಯಾಗಿರುತ್ತದೆ. ಆದರೆ ಆ 70 ಪ್ರಕರಣಗಳೂ 5,000 ಜನರ ಒಂದೇ ಉಪಕೇಂದ್ರದ ವ್ಯಾಪ್ತಿಯಲ್ಲಿದ್ದರೆ ಅಲ್ಲಿನ ಸೂಚ್ಯಂಕ 14! ಹಾಗೆಂದು ಘಟಕವನ್ನು ತೀರಾ ಚಿಕ್ಕದಾಗಿಸಿದರೂ ತೊಂದರೆಯೇ. 400 ಜನರಿರುವ ಗೊಲ್ಲರಹಟ್ಟಿಯೊಂದರಲ್ಲಿ ಇಬ್ಬರಿಗೆ ಜ್ವರ ಬಂದರೆ ಸೂಚ್ಯಂಕ 5 ಆಗುತ್ತದೆ, ಮರುವರ್ಷ ಸೊನ್ನೆಗೆ ಬೀಳುತ್ತದೆ. ಆದುದರಿಂದ ಒಂದು ವರ್ಷದ ಅಂಕಿಯನ್ನು ನಂಬದೆ ಹಲವು ವರ್ಷಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡುವುದು, ಅಕ್ಕಪಕ್ಕದ ಹಳ್ಳಿಗಳ ಸ್ಥಿತಿಯನ್ನೂ ಮಳೆ, ತಾಪಮಾನ, ನೀರಿನ ನೆಲೆ ಮುಂತಾದವನ್ನೂ ಗಣಿತದಿಂದ ಹೊಂದಿಸುವುದು ಅಗತ್ಯವಾಗುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಬೆಳೆದು 2005ರಿಂದ ಕೆಲಸ ಮಾಡಿಕೊಂಡು ಬಂದ ಮಲೇರಿಯ ಅಟ್ಲಾಸ್ ಯೋಜನೆಯು ಇಂತಹ ವಿಧಾನಗಳಿಂದಲೇ 2009ರಲ್ಲಿ ಫಾಲ್ಸಿಪ್ಯಾರಂ ಮಲೇರಿಯದ ತೀವ್ರತೆಯ ಜಾಗತಿಕ ನಕ್ಷೆಯನ್ನು ಪ್ರಕಟಿಸಿತು. ಅದು ದೇಶದೇಶಗಳ ನಡುವೆ ಹಣ ಹಂಚುವವರಿಗೆ ಉಪಯುಕ್ತ. ತಳಕು ಹೋಬಳಿಯಲ್ಲಿ ಯಾವ ಬಾವಿಗೆ ಮೀನು ಬಿಡಬೇಕೆಂಬುದನ್ನು ಅದು ಹೇಳಲಾರದು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದವರು ಕೈಯಲ್ಲಿ ಬರೆದ ಹಳ್ಳಿಯ ನಕ್ಷೆಯೇ ಬೇಕು.

ಇನ್ನೊಂದು ಮಾತು. ರಕ್ತಲೇಪನ ತೆಗೆಯದಿದ್ದ ಊರಿನಲ್ಲಿ ಪ್ರಕರಣವೂ ಸಿಗುವುದಿಲ್ಲ. ವರ್ಷಕ್ಕೆ ಜನಸಂಖ್ಯೆಯ ಶೇಕಡ 10ರಷ್ಟು ಮಂದಿಯ ರಕ್ತಪರೀಕ್ಷೆ ನಡೆಯಬೇಕೆಂಬ ಕಟ್ಟಳೆ ಇರುವುದು ಈ ಕಾರಣಕ್ಕೇ. ಪರೀಕ್ಷೆಯೇ ನಡೆಯದ ಹಳ್ಳಿಯೂ ರೋಗವೇ ಇಲ್ಲದ ಹಳ್ಳಿಯೂ ನಕ್ಷೆಯಲ್ಲಿ ಒಂದೇ ಬಣ್ಣದಲ್ಲಿ ಕಾಣುತ್ತವೆ. ಬಣ್ಣ ನೋಡಿ ಸಿಬ್ಬಂದಿ ಕಡಿತ ಮಾಡುವ ಅಧಿಕಾರಿಗೂ, ಬಣ್ಣ ನೋಡಿ ನೆಮ್ಮದಿಯಿಂದಿರುವ ಉದ್ಯಮಿಗೂ ಈ ವ್ಯತ್ಯಾಸ ತಿಳಿದಿರಬೇಕು.

ಒಣ ನಾಡಿನ ಅಪಾಯ ಯಾವ ಬಗೆಯದು

ಚಳ್ಳಕೆರೆಯು ರಾಜ್ಯದ ಅತ್ಯಂತ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ವಾರ್ಷಿಕ ಸರಾಸರಿ 500 ಮಿಲಿಮೀಟರ್ ಆಸುಪಾಸಿನದು. ನೀರಿಲ್ಲದ ಕಡೆ ಸೊಳ್ಳೆ ಎಲ್ಲಿಯದು ಎಂಬ ಪ್ರಶ್ನೆ ಸಹಜ. ಉತ್ತರವು ಪಂಜಾಬಿನ ಅನುಭವದಲ್ಲಿಯೇ ಇದೆ. ಬಹುಕಾಲ ರೋಗ ಕಾಣದ ಜನರಲ್ಲಿ ಅದನ್ನು ತಡೆಯುವ ಶಕ್ತಿಯೂ ಇರುವುದಿಲ್ಲ. ಬರದ ಸಾಲುಸಾಲು ವರ್ಷಗಳ ನಂತರ ಒಮ್ಮೆಲೇ ನೀರು ತುಂಬಿದಾಗ ಕಾಯಿಲೆ ಮೆಲ್ಲಗೆ ಬಾರದೆ ಒಟ್ಟಿಗೆ ಬರುತ್ತದೆ. 1933ರ ನಂತರ 89 ವರ್ಷ ಕೋಡಿ ಹರಿಯದಿದ್ದ ವಾಣಿವಿಲಾಸ ಸಾಗರವು 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲರೂ ಬಾಗಿನದ ಸಂಭ್ರಮದಲ್ಲಿದ್ದೆವು, ಅದು ಸರಿಯೇ. ವೇದಾವತಿಯ ಪಾತ್ರದಲ್ಲಿ, ಚೆಕ್ ಡ್ಯಾಂಗಳ ಹಿಂದೆ, ಮರಳು ತೆಗೆದ ಗುಂಡಿಗಳಲ್ಲಿ ನೀರು ನಿಂತ ವರ್ಷದಲ್ಲಿ ಅಪಾಯದ ನಕ್ಷೆಯನ್ನು ಹೊಸದಾಗಿ ಬರೆಯಬೇಕಾಗುತ್ತದೆ ಎಂಬುದೂ ಅಷ್ಟೇ ಸರಿ. ಹಳೆಯ ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದಾಗ ಕ್ಯುಲಿಸಿಫೇಸೀಸ್ ತನ್ನ ತವರನ್ನು ಬಹುಮಟ್ಟಿಗೆ ಕಳೆದುಕೊಂಡಿತ್ತು. ಆದರೆ ಕೊಳವೆಬಾವಿಯ ನೀರನ್ನು ಶೇಖರಿಸುವ ಸಿಮೆಂಟ್ ತೊಟ್ಟಿಗಳೂ ಮೇಲ್ಛಾವಣಿಯ ಟ್ಯಾಂಕುಗಳೂ ಪಟ್ಟಣದ ಸ್ಟೀಫನ್ಸಿಗೆ ಹೇಳಿ ಮಾಡಿಸಿದಂಥವು.

ತಜ್ಞರು ಈಗ ಎರಡು ಪ್ರತ್ಯೇಕ ಪದರಗಳ ನಕ್ಷೆ ಬಯಸುತ್ತಾರೆ. ಮೊದಲನೆಯದು ಸೊಳ್ಳೆಗೂ ಹವಾಮಾನಕ್ಕೂ ಸಂಬಂಧಿಸಿದ್ದು: ಸೋಂಕು ಬಂದರೆ ಇಲ್ಲಿ ಹರಡಬಲ್ಲುದೇ? ಎರಡನೆಯದು ಮನುಷ್ಯರ ಓಡಾಟಕ್ಕೆ ಸಂಬಂಧಿಸಿದ್ದು: ಹೊರಗಿನಿಂದ ಸೋಂಕು ಎಷ್ಟು ಸಲ ಬರುತ್ತಿದೆ? ಮೊದಲನೆಯದನ್ನು ಉಪಗ್ರಹವೂ ಕೀಟತಜ್ಞರೂ ತುಂಬಬಲ್ಲರು. ಎರಡನೆಯದು ತುಂಬುವುದು ಉದ್ಯಮಿಗಳ ನೆರವಿಲ್ಲದೆ ಕಷ್ಟ.

ಏಕೆಂದರೆ ರಾಜ್ಯದ ಮಲೇರಿಯ ನಕ್ಷೆಯೇ ಸ್ಥಾನ ಬದಲಿಸಿದೆ. ಒಂದು ಕಾಲದಲ್ಲಿ ರಾಯಚೂರು, ವಿಜಯಪುರ, ಕೋಲಾರ, ಚಿತ್ರದುರ್ಗ ಮುಂತಾದ ಒಣ ಜಿಲ್ಲೆಗಳ ಹೆಸರು ಮುಂದಿತ್ತು. 1990ರ ದಶಕದಿಂದ ಮಂಗಳೂರಿನಲ್ಲಿ ಕಟ್ಟಡ ಕಾಮಗಾರಿಗಳು ಹೆಚ್ಚಿದಂತೆ ಕರಾವಳಿ ಮುಂದೆ ಬಂತು. ಕಾಂಕ್ರೀಟಿಗೆ ನೀರುಣಿಸಲು ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಮುಚ್ಚಳವಿಲ್ಲದ ಟ್ಯಾಂಕು ಸೊಳ್ಳೆಯನ್ನು ಸಾಕಿದವು. ಬಯಲುಸೀಮೆಯಿಂದಲೂ ಹೊರರಾಜ್ಯಗಳಿಂದಲೂ ಬಂದ ಕಾರ್ಮಿಕರು ಅದಕ್ಕೆ ತುತ್ತಾದರು. ಅಲ್ಲಿ 2015ರ ಅಕ್ಟೋಬರ್‌ನಿಂದ ಪ್ರತಿಯೊಂದು ಪ್ರಕರಣವನ್ನೂ ಟ್ಯಾಬ್ಲೆಟ್ ಉಪಕರಣದ ಮೂಲಕ ಸ್ಥಳದ ಅಕ್ಷಾಂಶ ರೇಖಾಂಶಗಳೊಡನೆ ದಾಖಲಿಸಿ, ರೋಗಿಯ ಸುತ್ತಣ ಮನೆಗಳನ್ನು ಕೂಡಲೇ ತಪಾಸಣೆ ಮಾಡುವ ವ್ಯವಸ್ಥೆ ಬಂದಿತು. ತಿಂಗಳ ಕೊನೆಗೆ ಅಂಕಿ ಕೂಡಿಸುವುದಕ್ಕೂ ಅಂದೇ ಬಾಗಿಲು ತಟ್ಟುವುದಕ್ಕೂ ಇರುವ ಅಂತರ ಇದು.

ಈಗ ಪರಶುರಾಂಪುರ ಹೋಬಳಿಯ ಯುವಕನೊಬ್ಬ ಕರಾವಳಿಯ ಕಟ್ಟಡದಲ್ಲಿ ದುಡಿದು ಹಬ್ಬಕ್ಕೆ ಊರಿಗೆ ಬಂದನೆನ್ನಿ. ಬಂದ ವಾರದಲ್ಲಿ ಚಳಿಜ್ವರ ಬಂದು ರಕ್ತಪರೀಕ್ಷೆಯಲ್ಲಿ ಮಲೇರಿಯ ಕಾಣುತ್ತದೆ. ವಾಸಸ್ಥಳದ ಲೆಕ್ಕದಲ್ಲಿ ಬರೆದರೆ ಆ ಹಳ್ಳಿಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ; ಸಿಂಪಡಣೆಯ ತಂಡ ಅಲ್ಲಿಗೆ ಧಾವಿಸುತ್ತದೆ; ಸೋಂಕು ಹುಟ್ಟಿದ ಕಟ್ಟಡ ಹಾಗೆಯೇ ಉಳಿಯುತ್ತದೆ. ಸೋಂಕಿನ ಮೂಲವನ್ನು ವಿಚಾರಿಸಿ ಆಗಂತುಕ ಪ್ರಕರಣವೆಂದು ವರ್ಗೀಕರಿಸಿದರೆ ಚುಕ್ಕೆ ಸರಿಯಾದ ಜಾಗದಲ್ಲಿ ಕೂಡುತ್ತದೆ. ಆದರೂ ಹಳ್ಳಿಯವರು ಸುಮ್ಮನಿರುವಂತಿಲ್ಲ. ಯುವಕನ ರಕ್ತ ಹೀರಿದ ಸೊಳ್ಳೆಯಲ್ಲಿ ರೋಗಾಣು ಬಲಿಯಲು 10ರಿಂದ 14 ದಿನ, ಅದು ಕಚ್ಚಿದವರಲ್ಲಿ ಜ್ವರ ಏಳಲು ಮತ್ತೆ ಅಷ್ಟೇ ದಿನ. ಅಂದರೆ ಊರಿನ ಎರಡನೆಯ ರೋಗಿ ಕಾಣಿಸಿಕೊಳ್ಳುವುದು ತಿಂಗಳ ಆಚೀಚೆ, ಯುವಕನು ಪುನಃ ಕೆಲಸಕ್ಕೆ ಹೊರಟುಹೋದ ನಂತರ.

ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗಗಳ ವಿಷಯ ಇನ್ನೊಂದು ಬಗೆಯದು. ಭೌಗೋಳಿಕ ಮಾನ್ಯತೆ ಪಡೆದ ಈ ಸೀರೆಯ ನೇಕಾರನು ದಿನಗೂಲಿಯವನಲ್ಲ. ಸೀರೆ ಇಳಿದರೆ ಮಾತ್ರ ಹಣ. ವೈವಾಕ್ಸ್ ಎಂಬ ಬಗೆಯ ಮಲೇರಿಯಕ್ಕೆ ಕ್ಲೋರೊಕ್ವಿನ್ ಮೂರು ದಿನವಾದರೆ, ಯಕೃತ್ತಿನಲ್ಲಿ ಅಡಗುವ ರೋಗಾಣುವನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆಯನ್ನು ವೈದ್ಯರ ಸಲಹೆಯಂತೆ 14 ದಿನ ನುಂಗಬೇಕು. (ಗರ್ಭಿಣಿಯರಿಗೂ ಹಸುಗೂಸುಗಳಿಗೂ ಇದನ್ನು ಕೊಡುವಂತಿಲ್ಲ, ಕೆಲವರ ರಕ್ತಕ್ಕೆ ಇದು ಆಗದು. ಆದುದರಿಂದ ಅಂಗಡಿಯಿಂದ ತಾವೇ ತಂದು ನುಂಗುವ ಮದ್ದಲ್ಲ.) ಮೂರನೆಯ ದಿನ ಜ್ವರ ಬಿಟ್ಟೊಡನೆ ಮಗ್ಗಕ್ಕೆ ಇಳಿದು ಮಾತ್ರೆ ಮರೆಯುವುದು ಮನುಷ್ಯ ಸ್ವಭಾವ. ತಿಂಗಳುಗಳ ನಂತರ ಅದೇ ಜ್ವರ ಮರುಕಳಿಸಿ, ಮಗ್ಗ ಮತ್ತೆ ನಿಂತು, ನಕ್ಷೆಯಲ್ಲಿ ಹೊಸ ಪ್ರಕರಣವೊಂದು ದಾಖಲಾಗುತ್ತದೆ. ಸೊಳ್ಳೆಯೇ ಇಲ್ಲದ ಬೇಸಿಗೆಯಲ್ಲಿ ಹೊಸ ಸೋಂಕು ಹೇಗೆ ಬಂತೆಂದು ಅಧಿಕಾರಿಗಳು ತಲೆ ಕೆರೆದುಕೊಳ್ಳುತ್ತಾರೆ!

ಗಡಿಯ ಸಮಸ್ಯೆಯನ್ನೂ ಹೇಳಲೇಬೇಕು. ಮೊಳಕಾಲ್ಮುರಿನವರಿಗೆ ಆಂಧ್ರದ ರಾಯದುರ್ಗ ಹತ್ತಿರದ ಪೇಟೆ. ವೇದಾವತಿಯು ನಮ್ಮ ತಾಲ್ಲೂಕನ್ನು ದಾಟಿ ಅನಂತಪುರ ಜಿಲ್ಲೆಯ ಭೈರವಾನಿತಿಪ್ಪ ಜಲಾಶಯಕ್ಕೆ ಸೇರುತ್ತದೆ. ನೆಂಟಸ್ತಿಕೆ, ಸಂತೆ, ಕುರಿಮಂದೆ ಎಲ್ಲವೂ ಗಡಿ ದಾಟುತ್ತವೆ, ಸೊಳ್ಳೆಯೂ ದಾಟುತ್ತದೆ. ನಕ್ಷೆ ಮಾತ್ರ ರಾಜ್ಯದ ಗೆರೆಯಲ್ಲಿ ನಿಲ್ಲುತ್ತದೆ. ಒಂದು ರಾಜ್ಯದ ನಕ್ಷೆಯನ್ನು ಮಾತ್ರ ನೋಡಿದವರಿಗೆ ಗೆರೆಯ ಆಚೆಗಿನ ಹಳ್ಳಿಯ ಪ್ರಕರಣ ಇಲ್ಲದಂತೆಯೇ. ಎರಡೂ ಕಡೆಯ ಗಡಿ ಉಪಕೇಂದ್ರಗಳ ಮಾಸಿಕ ಅಂಕಿಗಳನ್ನು ಪರಸ್ಪರ ಹಂಚಿಕೊಳ್ಳುವಂತೆ ಒತ್ತಾಯಿಸಲು ವಾಣಿಜ್ಯ ಸಂಸ್ಥೆಗಳಿಗೆ ಪೂರ್ಣ ಹಕ್ಕಿದೆಯೆಂದು ನನ್ನ ಅಭಿಪ್ರಾಯ. ಗಡಿಯಾಚೆಯ ಗಿರಾಕಿಯೂ ಕೆಲಸಗಾರನೂ ನಮ್ಮವರೇ ತಾನೆ?

ನಮ್ಮ ಅಂಗಳದ ನೀರು

ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಖ್ಯಾತಿ ತಂದ ಗಿರಣಿಗಳಲ್ಲಿ ಹಲವು, ಆಮದು ತಾಳೆ ಎಣ್ಣೆಯ ಪೈಪೋಟಿಯಿಂದಲೂ ಶೇಂಗಾ ಇಳುವರಿಯ ಕುಸಿತದಿಂದಲೂ ಬಾಗಿಲು ಹಾಕಿವೆ. ನಡೆಯುತ್ತಿರುವ ಗಿರಣಿಯ ತೊಟ್ಟಿಯನ್ನು ದಿನವೂ ಯಾರಾದರೊಬ್ಬರು ನೋಡುತ್ತಾರೆ. ಬೀಗ ಬಿದ್ದ ಗಿರಣಿಯ ತೊಟ್ಟಿಯನ್ನು ನೋಡುವವರಿಲ್ಲ. ಮಳೆನೀರು ನಿಂತು ತಿಂಗಳಾದರೂ ಗೊತ್ತಾಗದು. ಸೊಳ್ಳೆಯ ಮೊಟ್ಟೆ ರೆಕ್ಕೆ ಬಂದು ಹಾರಲು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ಬರಿದು ಮಾಡಿ ಒಣಗಿಸಬೇಕೆಂಬ ನಿಯಮದ ಹಿಂದಿರುವ ಲೆಕ್ಕ ಇಷ್ಟೇ. ಬರಿದು ಮಾಡಲಾಗದ ತೊಟ್ಟಿಗೆ ಮೀನು ಬಿಡಬಹುದು, ಆದರೆ ಗಂಬೂಸಿಯಾವನ್ನು ಕೆರೆಗೆ ಹೊಳೆಗೆ ಬಿಡುವುದು ತರವಲ್ಲ, ಅದು ನಾಡಮೀನುಗಳನ್ನು ಅಳಿಸುತ್ತದೆ. ಮೇಲ್ಛಾವಣಿಯ ಟ್ಯಾಂಕಿಗೆ ಸಂದಿಯಿಲ್ಲದ ಮುಚ್ಚಳ, ನೀರು ಹೊರಚೆಲ್ಲುವ ಕೊಳವೆಯ ಬಾಯಿಗೆ ಜಾಲರಿ, ಇವುಗಳ ಖರ್ಚು ಒಬ್ಬ ಹಮಾಲನ ಕೆಲವು ದಿನಗಳ ಕೂಲಿಗಿಂತ ಹೆಚ್ಚಲ್ಲ.

ದೇಶವು 2027ರೊಳಗೆ ಸ್ಥಳೀಯ ಸೋಂಕನ್ನು ಸೊನ್ನೆಗೆ ತಂದು 2030ರ ವೇಳೆಗೆ ರೋಗವನ್ನು ನಿರ್ಮೂಲನ ಮಾಡುವ ಗುರಿ ಇಟ್ಟುಕೊಂಡಿದೆ. ಭಾರತವು ಅತ್ಯಧಿಕ ಹೊರೆಯ ರಾಷ್ಟ್ರಗಳ ಗುಂಪಿನಿಂದ 2024ರಲ್ಲಿ ಹೊರಬಂದಿತು. ಪ್ರಕರಣಗಳು ವಿರಳವಾದಷ್ಟೂ ನಕ್ಷೆಯ ಕೆಲಸ ಕಠಿಣವಾಗುತ್ತದೆ. ನೂರು ಚುಕ್ಕೆಗಳಿದ್ದಾಗ ಎರಡು ತಪ್ಪಾದರೆ ನಡೆಯುತ್ತಿತ್ತು. ಎರಡೇ ಚುಕ್ಕೆಗಳಿರುವಾಗ ಒಂದು ತಪ್ಪಾದರೂ ಅರ್ಧ ನಕ್ಷೆ ತಪ್ಪಿದಂತೆ. ನಮ್ಮ ಗೋದಾಮು, ಕಾರ್ಖಾನೆ, ಕಟ್ಟಡ ಕಾಮಗಾರಿಗಳ ಹಾಜರಿ ಪುಸ್ತಕದಲ್ಲಿ ಹೊಸ ಕೆಲಸಗಾರನ ಹೆಸರಿನ ಮುಂದೆ ಆತನು ಕಳೆದ ಒಂದು ತಿಂಗಳು ಎಲ್ಲಿದ್ದನೆಂಬ ಕಲಂ ಒಂದನ್ನು ಸೇರಿಸಿದರೆ, ಜ್ವರ ಬಂದ ದಿನ ಆರೋಗ್ಯ ಸಹಾಯಕರಿಗೆ ಬೇಕಾಗುವ ಮೊದಲ ಉತ್ತರ ಅಲ್ಲಿಯೇ ಸಿದ್ಧವಿರುತ್ತದೆ. ಆ ಮಾಹಿತಿಯನ್ನು ಕೇಳಿ ಕೆಲಸಗಾರನನ್ನು ವಾಪಸು ಕಳುಹಿಸುವುದಕ್ಕೆ ಅದನ್ನು ಬಳಸಬಾರದು. ಹಾಗೆ ಮಾಡಿದರೆ ಮುಂದಿನವನು ನಿಜ ಹೇಳುವುದಿಲ್ಲ, ಜ್ವರವನ್ನೂ ಮುಚ್ಚಿಡುತ್ತಾನೆ. ರಕ್ತಪರೀಕ್ಷೆಗೆ ಹೋದ ಅರ್ಧ ದಿನದ ಕೂಲಿಯನ್ನು ಮುರಿಯದಿರುವುದು ಉತ್ತಮ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಯೂ ಔಷಧಿಯೂ ಉಚಿತವಾಗಿವೆ. ಆಶಾ ಕಾರ್ಯಕರ್ತೆಯರು ಬೆರಳ ತುದಿಯ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ತಿಳಿಸುವ ಕಿಟ್ ಬಳಸಬಲ್ಲರು. ತೊಟ್ಟಿ ಟ್ಯಾಂಕುಗಳ ತಪಾಸಣೆಯನ್ನು ಆವಕ ಆರಂಭವಾಗುವ ಮುನ್ನ, ಸೆಪ್ಟೆಂಬರ್ ಮೊದಲ ವಾರದಲ್ಲಿ ಮುಗಿಸುವುದು ಲೇಸು. ಅನಂತರ ಯಾರಿಗೂ ಪುರುಸೊತ್ತಿರುವುದಿಲ್ಲ.